ಎಲ್ಲರ ಕಿವಿಯೂ ಸರಿಯಿದೆ

ಜೂನ್ 12

ಅಣ್ಣನಿಗೆ,

ಫೋನ್ ಮಾಡದೆ ಪತ್ರ ಬರೆದಿದ್ದಾಳೆಂದರೆ ವಿಷಯ ನಿನ್ನ ಕಚೇರಿಯದೇ ಎಂದು ಲಕೋಟೆ ನೋಡಿದಾಗಲೇ ಗೊತ್ತಾಗಿರಬೇಕು. ಫೋನಿನಲ್ಲಿ ನಿನ್ನ ಕೆಲಸದ ಮಾತೆತ್ತಿದರೆ ನಮ್ಮಿಬ್ಬರ ದನಿ ಏರುತ್ತದೆ, ಅತ್ತಿಗೆ ಬಂದು ಫೋನ್ ಕಿತ್ತುಕೊಳ್ಳುತ್ತಾರೆ. ಕಾಗದದ ಮೇಲೆ ನಾವು ಸ್ವಲ್ಪ ಮರ್ಯಾದಸ್ಥರು.

ಹೋದ ವಾರ ಶಿಕ್ಷಣ ಇಲಾಖೆಯ ಅಂಕಿಅಂಶ ವಿಭಾಗದಿಂದ, ಅಂದರೆ ನಿನ್ನ ವಿಭಾಗದಿಂದ, ನಮ್ಮ ಶಾಲೆಗೊಂದು ಪಟ್ಟಿ ಬಂತು. ‘ಶಾಲೆ ಬಿಡುವ ಸಂಭವವಿರುವ ವಿದ್ಯಾರ್ಥಿಗಳು’ ಎಂದು ತಲೆಬರಹ. ಕೆಳಗೆ ಎಂಟನೆಯ ತರಗತಿಯ ಒಂಬತ್ತು ಮಕ್ಕಳ ಹೆಸರು. ಅಕ್ಟೋಬರಿನಿಂದ ಇವರನ್ನು ಹಿಂದಿನ ಹಳೇ ಕಟ್ಟಡದಲ್ಲಿ ಬೇರೆಯಾಗಿ ಕೂರಿಸಬೇಕಂತೆ. ಪಾಠ ಕಡಿಮೆ, ಕೈಕೆಲಸ ಜಾಸ್ತಿ. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಹೆಸರು ಓದುತ್ತಾ ಹೋದಂತೆ ಟೀಚರುಗಳು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ‘ಕೂತಲ್ಲಿಂದಲೇ ಹೇಗೆ ಕಂಡುಹಿಡಿದರಪ್ಪ’ ಎಂದು ಒಬ್ಬರಿಗೆ ಆಶ್ಚರ್ಯ ಬೇರೆ.

ನಾನು ಶಾಲೆಯ ನರ್ಸ್. ಪಾಠದ ವಿಷಯ ನನ್ನದಲ್ಲ. ಆದರೆ ಆ ಒಂಬತ್ತರಲ್ಲಿ ಒಬ್ಬಳು ತಲೆನೋವು ಎಂದು ಆಗಾಗ ನನ್ನ ಕೋಣೆಗೆ ಬರುವವಳು. ಎಲ್ಲರೂ ಅವಳನ್ನು ಗುಡುಗು ಎನ್ನುತ್ತಾರೆ. ಹಾಜರಿಗೆ ಅವಳು ‘ಬಂದಿದೀನಿ’ ಅಂದರೆ ಪಕ್ಕದ ತರಗತಿಯವರು ಬೆಚ್ಚಿಬೀಳುತ್ತಾರೆ. ಟೀಚರು ಆಗತಾನೇ ಹೇಳಿ ಮುಗಿಸಿದ್ದನ್ನೇ ಎದ್ದು ನಿಂತು ಕೇಳುತ್ತಾಳೆ. ಅಹಂಕಾರ ಎಂದು ಹೊರಗೆ ಕಳಿಸುತ್ತಾರೆ. ಹೊರಗೆ ನಿಂತು ಸಾಕಾದರೆ ನನ್ನ ಬಳಿಗೆ. ‘ಮೆತ್ತಗೆ ಮಾತಾಡಮ್ಮ, ಪಕ್ಕದ ಮಂಚದಲ್ಲಿ ಒಬ್ಬಳು ಮಲಗಿದಾಳೆ’ ಅಂದರೆ, ಅದೇ ದನಿಯಲ್ಲಿ ‘ನಾನೇನು ಕಿರುಚ್ತಿದೀನಾ?’ ಎನ್ನುತ್ತಾಳೆ. ಎಷ್ಟೋ ಸಲ ನಗು ತಡೆಯಲಾಗದೆ ಮಾತ್ರೆ ಕೊಟ್ಟು ಕಳಿಸಿದ್ದೇನೆ. ನನ್ನ ಔಷಧದ ಗಾಡಿಯ ಚಕ್ರ ಒಂದು ವರ್ಷದಿಂದ ಕುಂಟುತ್ತಿತ್ತು. ಯಾರೂ ಹೇಳದೆ, ಒಂದು ಹೇರ್‌ಪಿನ್ ಹಿಡಿದು ಸರಿ ಮಾಡಿಕೊಟ್ಟವಳು ಅವಳೇ.

ನಿನ್ನೆ ಬಂದವಳು ಮಂಚದ ಮೇಲೆ ಕಾಲು ಆಡಿಸುತ್ತಾ ಹೇಳಿದಳು: ‘ಹಳೇ ಬಿಲ್ಡಿಂಗಿಗೆ ಹಾಕಿದ್ರೆ ನಾನು ಶಾಲೆಗೇ ಬರಲ್ಲ ಮೇಡಮ್.’

ಶಾಲೆ ಬಿಡದಿರಲಿ ಎಂದು ಮಾಡಿದ ಪಟ್ಟಿ ಅಲ್ಲವೇ ಅದು? ಅದನ್ನು ಹೇಗೆ ಮಾಡಿದಿರಿ, ನನಗೆ ಅರ್ಥವಾಗುವ ಹಾಗೆ ಬರೆ.

ಅಮ್ಮನನ್ನು ಕೇಳಿದೆನೆಂದು ಹೇಳು.

ನಿನ್ನ ತಂಗಿ

*

ಜೂನ್ 25

ತಂಗಿಗೆ,

ನಿನ್ನ ಪತ್ರ ಓದಿ ನಿನ್ನ ಅತ್ತಿಗೆಗೆ ಕೊಟ್ಟೆ. ‘ಜಗಳಕ್ಕೆ ಪೀಠಿಕೆ ಚೆನ್ನಾಗಿದೆ’ ಅಂದಳು.

ಆ ಲೆಕ್ಕ ನನ್ನದೇ. ಎರಡು ವರ್ಷ ಅದಕ್ಕಾಗಿ ಒದ್ದಾಡಿದ್ದೇನೆ, ಆದ್ದರಿಂದ ತಾಳ್ಮೆಯಿಂದ ಓದು. ಒಂದು ಮಗುವಿನ ಹಾಜರಿ, ಅಂಕ, ನಡತೆಯ ಬಗ್ಗೆ ಟೀಚರುಗಳು ಬರೆದ ಟಿಪ್ಪಣಿ, ಈ ಮೂರನ್ನೂ ಸೇರಿಸಿ ನೋಡುತ್ತೇವೆ. ಮೂರೂ ಒಟ್ಟಿಗೆ ಹದಗೆಡುತ್ತಿದ್ದರೆ ಆ ಮಗು ಶಾಲೆ ಬಿಡುವ ದಾರಿಯಲ್ಲಿದೆ ಎಂದರ್ಥ. ಹಿಂದಿನ ವರ್ಷಗಳ ಮಕ್ಕಳ ಮೇಲೆ ಪರೀಕ್ಷಿಸಿದೆವು. ಶಾಲೆ ಬಿಟ್ಟ ಹತ್ತರಲ್ಲಿ ಎಂಟು ಮಂದಿಯನ್ನು ಈ ಲೆಕ್ಕ ಮೊದಲೇ ಹಿಡಿಯುತ್ತಿತ್ತು. ಇಷ್ಟು ದಿನ ಮಕ್ಕಳು ಬಿಟ್ಟು ಹೋದ ಮೇಲೆ ಎಣಿಸುತ್ತಿದ್ದೆವು, ಈಗ ಹೋಗುವ ಮುಂಚೆ ಎಣಿಸುತ್ತಿದ್ದೇವೆ. ಇದು ಸಣ್ಣ ವಿಷಯವಲ್ಲ. ಬೇರೆ ತರಗತಿ ಮಾಡುವ ನಿರ್ಧಾರ ನನ್ನದಲ್ಲ, ಮೇಲಿನವರದು. ಆದರೆ ಏನಾದರೂ ಮಾಡಲೇಬೇಕಿತ್ತಲ್ಲ.

ನಿನ್ನ ಗುಡುಗಿನ ಬಗ್ಗೆ ನನಗೂ ಕನಿಕರವಿದೆ. ಆದರೆ ಒಬ್ಬಳನ್ನು ನೋಡಿ ಲೆಕ್ಕ ತಪ್ಪು ಎನ್ನಲಾಗುವುದಿಲ್ಲ. ನಿನಗೆ ಕಾಣುವುದು ಒಂದು ಮುಖ. ನನಗೆ ಕಾಣಬೇಕಾದದ್ದು ಲಕ್ಷಗಟ್ಟಲೆ.

ಗುಡುಗು ಎಂದಾಗ ನೆನಪಾಯಿತು, ನಮ್ಮ ಮನೆಯಲ್ಲೂ ಒಂದಿದೆ. ಅಮ್ಮನ ಗಂಟಲು ಈಚೆಗೆ ವಿಪರೀತ. ಫೋನಿನಲ್ಲಿ ಮಾತಾಡಿದರೆ ಬೀದಿಯಲ್ಲಿ ಹೋಗುವವರು ತಲೆಯೆತ್ತಿ ನೋಡುತ್ತಾರೆ. ನಾವು ಮಾತಾಡಿದರೆ ‘ಏನು ಗುಸುಗುಸು, ನನ್ನ ಮುಂದೆ ಹೇಳಬಾರದ್ದು ಏನಿದೆ?’ ಎಂದು ಮುನಿಸು. ಸೊಸೆ ತನ್ನ ಬಗ್ಗೆಯೇ ಆಡಿಕೊಳ್ಳುತ್ತಾಳೆ ಅಂತ ಅನುಮಾನ. ಅತ್ತಿಗೆ ಒಂದು ದಿನ ಬೇಸತ್ತು ಕಣ್ಣೀರು ಹಾಕಿದಳು. ವಯಸ್ಸಾದಂತೆ ಸ್ವಭಾವ ಹೀಗೆ ತಿರುಗುತ್ತದೇನೋ. ನೀನು ಬಂದಾಗ ಒಂದೆರಡು ಬುದ್ಧಿಮಾತು ಹೇಳು, ನಿನ್ನ ಮಾತು ಕೇಳುತ್ತಾರೆ.

ಅಣ್ಣ

*

ಜುಲೈ 4

ಅಣ್ಣ,

ಬುದ್ಧಿಮಾತು ಆಮೇಲೆ. ಮೊದಲು ಅಮ್ಮನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಅದು ಸ್ವಭಾವವಲ್ಲ. ತನ್ನ ದನಿ ತನಗೆ ಕೇಳಿಸದವರು ಜೋರಾಗಿ ಮಾತಾಡುತ್ತಾರೆ, ಬೇರೆಯವರದು ಗುಸುಗುಸು ಎಂದುಕೊಳ್ಳುತ್ತಾರೆ.

ಆ ಸಾಲುಗಳನ್ನು ಓದುತ್ತಿದ್ದಂತೆ ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಇಷ್ಟು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಹೊಳೆಯದೇ ಹೋದದ್ದು, ನೀನು ಅಮ್ಮನ ಮೇಲೆ ಚಾಡಿ ಹೇಳಿದಾಗ ಹೊಳೆಯಿತು.

ಮಧ್ಯಾಹ್ನವೇ ಗುಡುಗನ್ನು ಕರೆಸಿದೆ. ಕಿಟಕಿಯ ಕಡೆ ಮುಖ ಮಾಡಿ ಕೂರಿಸಿ, ಎದುರು ನಿಂತು ‘ನಾನು ಹಿಂದಿನಿಂದ ಒಂದೊಂದು ಪದ ಹೇಳ್ತೀನಿ, ನೀನೂ ಅದನ್ನೇ ಹೇಳಬೇಕು’ ಅಂದೆ. ನಾಲ್ಕು ಹೆಜ್ಜೆ ಹಿಂದೆ ನಿಂತು ‘ಕುರ್ಚಿ’ ಅಂದೆ. ಸುಮ್ಮನಿದ್ದಳು. ‘ಬಾಗಿಲು’ ಅಂದೆ. ‘ಕನ್ನಡಿ’ ಅಂದೆ. ಕಾಲು ಆಡಿಸುತ್ತಾ ಕೂತಿದ್ದವಳು ಸ್ವಲ್ಪ ಹೊತ್ತಿಗೆ, ‘ಶುರು ಮಾಡಿ ಮೇಡಮ್’ ಅಂದಳು.

ಎದುರು ಬಂದು ಕೂತು ಅದೇ ಪದಗಳನ್ನು ಅದೇ ದನಿಯಲ್ಲಿ ಹೇಳಿದೆ. ಎಲ್ಲವನ್ನೂ ಸರಿಯಾಗಿ ಹೇಳಿದಳು. ಅವಳು ತುಟಿ ಓದುತ್ತಾಳೆ. ತನಗೇ ಗೊತ್ತಿಲ್ಲದೆ ಕಲಿತಿದ್ದಾಳೆ. ಟೀಚರು ಬೋರ್ಡಿನ ಕಡೆ ತಿರುಗಿದ ಕ್ಷಣ ಅವಳಿಗೆ ಪಾಠ ನಿಂತುಹೋಗುತ್ತದೆ.

ಆಮೇಲೆ ಆರೋಗ್ಯ ತಪಾಸಣೆಯ ಕಡತ ತೆಗೆದೆ. ಪ್ರತಿ ವರ್ಷ ಇಲಾಖೆಯ ತಂಡ ಬಂದು ಎತ್ತರ, ತೂಕ, ಕಣ್ಣು, ಕಿವಿ ಎಲ್ಲ ನೋಡಿ ಬರೆದುಕೊಂಡು ಹೋಗುತ್ತದೆ. ಕಿವಿಯ ಕಾಲಂನಲ್ಲಿ ಮೊದಲ ಮಗುವಿಗೆ ‘ಸರಿಯಿದೆ’ ಎಂದಿದೆ. ಕೆಳಗೆ ಇಡೀ ಶಾಲೆಗೆ ಒಂದೇ ಉದ್ದ ಗೆರೆ. ಮಕ್ಕಳನ್ನು ಆಟದ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ, ಆ ಗದ್ದಲದಲ್ಲಿ, ‘ಕೇಳ್ಸುತ್ತಾ?’ ಎಂದು ಕೇಳಿದ್ದರಂತೆ. ಎಲ್ಲರೂ ತಲೆಯಾಡಿಸಿದ್ದಾರೆ.

ಆರೋಗ್ಯದ ಅಂಕಿಅಂಶ ನಿಮ್ಮಲ್ಲಿಗೆ ಬರುತ್ತದೆಯೇ? ನಿನ್ನ ಲೆಕ್ಕದಲ್ಲಿ ಅದು ಎಲ್ಲಾದರೂ ಸೇರಿದೆಯೇ?

ತಂಗಿ

*

ಜುಲೈ 21

ತಂಗಿಗೆ,

ನಿನ್ನ ಮಾತು ನಿಜವಾಯಿತು. ಅಮ್ಮನ ಎರಡು ಕಿವಿಯೂ ಮಂದ. ಶ್ರವಣ ಯಂತ್ರ ಹಾಕಿಸಿದೆವು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಮ್ಮ ತಮ್ಮ ದನಿಯನ್ನೇ ಕೇಳಿ ನಿಂತುಬಿಟ್ಟರು. ‘ನಾನು ಇಷ್ಟು ಜೋರಾಗಿ ಮಾತಾಡ್ತಿದ್ನೇನೋ? ಯಾರೂ ಹೇಳಬಾರದಾ?’ ಅಂದರು. ಮನೆಗೆ ಬಂದು ಅತ್ತಿಗೆಯ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ನನ್ನನ್ನು ಹೊರಗೆ ಹೋಗು ಎಂದರು, ಆದ್ದರಿಂದ ಏನು ಮಾತಾಡಿದರು ಎಂದು ಗೊತ್ತಿಲ್ಲ. ಈಗ ಅವರಿಬ್ಬರೂ ಒಂದು ಪಕ್ಷ, ನಾನೊಬ್ಬನೇ ಒಂದು ಪಕ್ಷ.

ನಿನ್ನ ಪ್ರಶ್ನೆಗೆ ನನ್ನ ಉತ್ತರ: ‘ಇಲ್ಲ, ಸೇರಿಲ್ಲ.’ ಆರೋಗ್ಯದ ಅಂಕಿಅಂಶ ನಾಲ್ಕನೆಯ ಮಹಡಿಯಲ್ಲಿದೆ, ನಾವು ಎರಡನೆಯದರಲ್ಲಿ. ಎರಡನ್ನೂ ಬೆರೆಸುವಂತಿಲ್ಲ. ಮಕ್ಕಳ ಕಾಯಿಲೆಯ ವಿವರ ಗುಟ್ಟಾಗಿರಬೇಕು ಎಂಬ ನಿಯಮ, ಮತ್ತು ಅದು ಒಳ್ಳೆಯ ನಿಯಮ.

ಈಗ ಇದಕ್ಕೆಲ್ಲ ನನಗೆ ಪುರುಸೊತ್ತೂ ಇಲ್ಲ. ನಿಮ್ಮ ಕಡೆಯ ಯಾವುದೋ ಶಾಲೆಯ ನರ್ಸ್ ಒಬ್ಬರು ನಮ್ಮ ಪಟ್ಟಿಯ ಮೇಲೆ ನೇರವಾಗಿ ನಿರ್ದೇಶಕರಿಗೇ ದೂರು ಬರೆದಿದ್ದಾರಂತೆ. ‘ಮಕ್ಕಳ ಮುಖ ನೋಡದವರು ಮಾಡಿದ ಪಟ್ಟಿ’ ಎಂಬ ಮಾತು ಅದರಲ್ಲಿದೆಯಂತೆ. ನಿರ್ದೇಶಕಿ ಅದೊಂದು ಸಾಲನ್ನು ಇಡೀ ಸಭೆಯ ಮುಂದೆ ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಹೆಸರು ಹೇಳಲಿಲ್ಲ. ಆ ಪುಣ್ಯಾತ್ಗಿತ್ತಿ ಯಾರೆಂದು ನಿನಗೇನಾದರೂ ಗೊತ್ತೇ? ನರ್ಸ್‌ಗಳ ಸಭೆಯಲ್ಲಿ ಸಿಕ್ಕರೆ, ಒಂದು ಪತ್ರ ಮೊದಲು ನನಗೇ ಬರೆದಿದ್ದರೆ ಉತ್ತರ ಕೊಡುತ್ತಿದ್ದೆ ಎಂದು ತಿಳಿಸು.

ಅಣ್ಣ

*

ಜುಲೈ 30

ಅಣ್ಣ,

ಆ ಪುಣ್ಯಾತ್ಗಿತ್ತಿ ನಾನೇ.

ಜುಲೈ ಒಂದರಂದು ಬರೆದೆ. ನಿನ್ನ ಉತ್ತರ ಇನ್ನೂ ಕೈಸೇರಿರಲಿಲ್ಲ. ಹಳೇ ಕಟ್ಟಡಕ್ಕೆ ಸುಣ್ಣ ಹೊಡೆಯುವವರು ಅವತ್ತು ಬೆಳಿಗ್ಗೆ ಏಣಿ ಹೊತ್ತುಕೊಂಡು ಬಂದಿದ್ದರು. ಅದನ್ನು ನೋಡಿ ತಡೆಯಲಾಗಲಿಲ್ಲ. ಹಿಂದಿನ ಪತ್ರದಲ್ಲಿ ನಿನಗೆ ಹೇಳದೆ ಮುಚ್ಚಿಟ್ಟದ್ದು ಸರಿಯಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ. ದೂರು ಬರೆದದ್ದಕ್ಕೆ ಕೇಳುವುದಿಲ್ಲ. ಆ ಒಂದು ಸಾಲು ಬೇಡವಾಗಿತ್ತು, ನಿಜ. ನಿನ್ನ ಮುಖ ನೆನೆಸಿಕೊಂಡು ಬರೆದದ್ದಲ್ಲ ಅದು.

ನಾನು ಎಡವಿದ ಇನ್ನೊಂದು ಜಾಗವನ್ನೂ ಹೇಳುತ್ತೇನೆ. ಗುಡುಗಿನ ನಂತರ, ಒಂಬತ್ತೂ ಮಕ್ಕಳದು ಕಿವಿಯ ತೊಂದರೆಯೇ ಎಂದು ತೀರ್ಮಾನಿಸಿಬಿಟ್ಟಿದ್ದೆ. ಇಲ್ಲಿನ ಕಿವಿ ಡಾಕ್ಟರು ತಮ್ಮ ಪರೀಕ್ಷೆಯ ಯಂತ್ರವನ್ನು ಒಂದು ದಿನಕ್ಕೆ ಕೊಟ್ಟರು. ಲೈಬ್ರರಿಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರನ್ನೇ ನೋಡಿದೆ. ನಾಲ್ವರಿಗೆ ಕಿವಿ ಮಂದ. ಒಬ್ಬನಿಗೆ ಬೋರ್ಡು ಮಂಜು ಮಂಜು, ಕನ್ನಡಕ ಬೇಕು. ಇಬ್ಬರು ಅವಳಿ ಅಕ್ಕತಮ್ಮ, ಮನೆಯಲ್ಲಿ ಸರದಿಯ ಮೇಲೆ ಕೂಸು ನೋಡಿಕೊಳ್ಳುತ್ತಾರೆ, ಅದಕ್ಕೇ ದಿನ ಬಿಟ್ಟು ದಿನ ಗೈರು. ಒಬ್ಬ ಹೊಸ ಶಾಲೆಗೆ ಹೊಂದಿಕೊಂಡಿಲ್ಲ. ಕೊನೆಯವಳನ್ನು ‘ನಿನಗೇನು ತೊಂದರೆ?’ ಎಂದು ಕೇಳಿದರೆ, ‘ಏನೂ ಇಲ್ಲ, ಬೋರು’ ಅಂದಳು.

ಇನ್ನೊಂದು ಮಾತೂ ಹೇಳಬೇಕು. ನಿನ್ನ ಪಟ್ಟಿ ಬರದಿದ್ದರೆ ಈ ಒಂಬತ್ತು ಜನರನ್ನು ನಾನು ಒಟ್ಟಿಗೆ ನೋಡುತ್ತಲೇ ಇರಲಿಲ್ಲ. ಒಬ್ಬರದೂ ಹೆಸರು ಸುಮ್ಮನೆ ಬಂದಿಲ್ಲ. ಪ್ರತಿಯೊಬ್ಬರಿಗೂ ಏನೋ ಒಂದು ಆಗಿತ್ತು. ನೀನು ಬೆರಳು ಸರಿಯಾದ ಕಡೆಗೇ ತೋರಿಸಿದ್ದೀಯ. ನಾವು ಅಲ್ಲಿ ಹೋಗಿ ನೋಡದೆ, ಮಕ್ಕಳನ್ನೇ ಎತ್ತಿ ಪಕ್ಕಕ್ಕಿಡಲು ಹೊರಟೆವು.

ಬೈಯುವುದಿದ್ದರೆ ಬೈದು ಬರೆ.

ತಂಗಿ

*

ಸೆಪ್ಟೆಂಬರ್ 2

ಅಣ್ಣ,

ಆಗಸ್ಟ್ ಪೂರ್ತಿ ನಿನ್ನಿಂದ ಒಂದು ಸಾಲಿಲ್ಲ. ಫೋನ್ ಮಾಡಿದರೆ ಅಮ್ಮನೇ ಎತ್ತುತ್ತಾರೆ. ಈಗ ಎಷ್ಟು ಮೆತ್ತಗೆ ಮಾತಾಡುತ್ತಾರೆಂದರೆ, ನಾನೇ ‘ಏನು?’ ಎಂದು ಎರಡು ಸಲ ಕೇಳಬೇಕು. ‘ನಿನ್ನಣ್ಣ ಕೆಲಸ ಕೆಲಸ ಅಂತಾನೆ, ಊಟದ ಹೊತ್ತಲ್ಲೂ ಅದೇ ಕಾಗದ’ ಎಂದರು. ಕೋಪಕ್ಕೆ ಅದು ನೆಪ ಎಂದು ನನಗೆ ಗೊತ್ತು. ಚಿಕ್ಕಂದಿನಲ್ಲೂ ನನ್ನ ಮೇಲೆ ಸಿಟ್ಟು ಬಂದರೆ ನೀನು ಲೆಕ್ಕದ ಪುಸ್ತಕ ತೆರೆದು ಕೂರುತ್ತಿದ್ದೆ.

ಆದರೂ ಬರೆಯುತ್ತಿದ್ದೇನೆ, ಬೇರೆ ಯಾರಿಗೆ ಹೇಳಲಿ?

ಗುಡುಗಿನ ತಂದೆ ಬಂದಿದ್ದರು. ಮರಗೆಲಸದವರು, ಅಂಗಿಯ ತುಂಬ ಹೊಟ್ಟು. ಬಾಗಿಲಲ್ಲೇ ನಿಂತು, ‘ಈ ಸಲ ಏನು ಮಾಡಿದಾಳೆ?’ ಅಂದರು. ಮಗಳ ವಿಷಯಕ್ಕೆ ಶಾಲೆಯಿಂದ ಕರೆ ಬಂದಾಗಲೆಲ್ಲ ಅವರು ಕೇಳುವ ಮಾತು ಅದೊಂದೇ ಎಂದು ತೋರುತ್ತದೆ. ‘ಏನೂ ಮಾಡಿಲ್ಲ, ಕೂತ್ಕೊಳ್ಳಿ’ ಎಂದು ವಿಷಯ ಹೇಳಿದೆ. ಚಿಕ್ಕ ಮಗುವಾಗಿದ್ದಾಗ ಅವಳ ಕಿವಿ ಸೋರುತ್ತಿತ್ತಂತೆ, ತಾನಾಗೇ ನಿಂತಿತು ಎಂದು ಸುಮ್ಮನಾದರಂತೆ. ಎರಡೂ ಕಿವಿಯ ತಮಟೆಯಲ್ಲಿ ತೂತಿದೆ, ಆಪರೇಷನ್ ಮಾಡಿದರೆ ಮುಚ್ಚಬಹುದು ಎಂದು ಡಾಕ್ಟರು ಹೇಳಿದ್ದಾರೆ.

ತಂದೆ ಮಗಳ ಕಡೆ ತಿರುಗಿ, ‘ಕೇಳ್ಸಲ್ಲ ಅಂತ ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿಂಗೆ?’ ಅಂದರು.

ಅವಳು ಹೇಳಿದ್ದು ಕೇಳು. ‘ಎಲ್ರಿಗೂ ಹೀಗೇ ಕೇಳ್ಸತ್ತೆ ಅಂದ್ಕೊಂಡಿದ್ದೆ. ಬೇರೆಯವರೆಲ್ಲ ನನಗಿಂತ ಜಾಣರು, ಅದಕ್ಕೆ ಅರ್ಥ ಆಗತ್ತೆ ಅಂತ.’

ಇದನ್ನೆಲ್ಲ ಹೆಡ್‌ಮಾಸ್ಟರಿಗೆ ಹೇಳಿದೆ. ಕೆಟ್ಟವರಲ್ಲ, ಅವರ ಕಣ್ಣೂ ಒದ್ದೆಯಾಯಿತು. ಆದರೆ ‘ಪಟ್ಟಿ ಮೇಲಿಂದ ಬಂದಿದೆ ಸಿಸ್ಟರ್, ಒಂದು ಹೆಸರು ತೆಗೆಯೋಕೂ ನನಗೆ ಅಧಿಕಾರ ಇಲ್ಲ’ ಎನ್ನುತ್ತಾರೆ. ಸುಣ್ಣ ಹೊಡೆದಾಯಿತು. ಬೆಂಚುಗಳೂ ಹೋದವು.

ಕೋಪ ಇಟ್ಟುಕೊಂಡೇ ಇರು, ಬೇಡ ಎನ್ನುವುದಿಲ್ಲ. ಆದರೆ ಆ ಹೆಸರುಗಳ ವಿಷಯದಲ್ಲಿ ಏನು ಮಾಡಬಹುದು, ಅಷ್ಟು ಮಾತ್ರ ಹೇಳು.

ತಂಗಿ

*

ಸೆಪ್ಟೆಂಬರ್ 16

ತಂಗಿಗೆ,

ಕೋಪ ಒಂದು ವಾರ ಇತ್ತು. ಸರಿ, ಹತ್ತು ದಿನ. ಮಿಕ್ಕಿದ್ದು ನಿಜವಾಗಿಯೂ ಕೆಲಸ. ಅಮ್ಮನ ಮಾತನ್ನು ನೀನು ನಂಬಬೇಕಿತ್ತು. ಮುಗಿಯುವ ತನಕ ಬರೆಯಬಾರದೆಂದುಕೊಂಡೆ, ಏಕೆಂದರೆ ಆಗದೇ ಹೋಗಿದ್ದರೆ ನಿನಗೆ ಏನು ಹೇಳಲಿ?

ನಿನ್ನ ‘ಮುಖ ನೋಡದವರು’ ಎಂಬ ಮಾತಿಗಿಂತ ನನ್ನನ್ನು ಕಾಡಿದ್ದು ಆ ಉದ್ದ ಗೆರೆ. ನಾಲ್ಕನೆಯ ಮಹಡಿಗೆ ಹತ್ತಿದೆ. ಇಷ್ಟು ವರ್ಷಗಳಲ್ಲಿ ಅಲ್ಲಿಗೆ ಹೋದದ್ದು ಒಮ್ಮೆಯೋ ಎರಡು ಸಲವೋ, ಅದೂ ಯಾರದೋ ನಿವೃತ್ತಿಯ ಚಹಾಕ್ಕೆ. ಆರೋಗ್ಯ ವಿಭಾಗದ ಅಧಿಕಾರಿಣಿ, ಬಹಳ ಗಟ್ಟಿ ಹೆಂಗಸು, ಮೊದಲ ದಿನ ನನ್ನನ್ನು ಕೂರು ಅಂತಲೂ ಅನ್ನಲಿಲ್ಲ. ‘ಮಕ್ಕಳ ಕಾಯಿಲೆ ಪಟ್ಟಿ ಕೊಟ್ಟು, ನಾಳೆ ನೀವು ಅದರ ಮೇಲೂ ಮಕ್ಕಳನ್ನ ಬೇರೆ ಕೂರಿಸಿದ್ರೆ?’ ಎಂದರು. ಸರಿಯಾದ ಪ್ರಶ್ನೆಯೇ. ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು. ಹೆಸರು, ಮನೆ, ಯಾವುದೂ ಇಲ್ಲದ ಹಾಗೆ ಅವರೇ ತೆಗೆದು, ಅವರ ಕೋಣೆಯಲ್ಲೇ ಕೂತು, ಎರಡೂ ಅಂಕಿಗಳನ್ನು ಜೋಡಿಸಿ ನೋಡುವುದು.

ಎರಡು ಸಂಗತಿ ಸಿಕ್ಕವು. ಯಂತ್ರವಿಟ್ಟು ಕಿವಿ ಪರೀಕ್ಷೆ ಮಾಡಿದ ಶಾಲೆಗಳೂ ಕೆಲವಿವೆ. ಅಲ್ಲಿ ಕಿವಿ ಮಂದವಿರುವ ಮಕ್ಕಳ ಮೇಲೆ ‘ಮಾತು ಕೇಳುವುದಿಲ್ಲ’, ‘ಉದ್ಧಟ’, ‘ಗಮನವಿಲ್ಲ’ ಎಂಬ ಟಿಪ್ಪಣಿಗಳು ಉಳಿದವರ ಮೂರು ಪಟ್ಟು. ‘ಮಾತು ಕೇಳುವುದಿಲ್ಲ’ ಎಂಬುದನ್ನು ನಾನು ಎರಡು ವರ್ಷ ನಡತೆಯ ಲೆಕ್ಕಕ್ಕೆ ಹಾಕಿದ್ದೇನೆ. ಅದು ಅಕ್ಷರಶಃ ನಿಜವಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಮೂರರಲ್ಲಿ ಒಂದು ಶಾಲೆಯಲ್ಲಿ ಕಿವಿಯ ತೊಂದರೆ ಇರುವ ಮಗು ಒಂದೂ ಇಲ್ಲ. ಅಷ್ಟೊಂದು ಮಕ್ಕಳಲ್ಲಿ ಒಬ್ಬರಿಗೂ ಇಲ್ಲವೆಂದರೆ ಅದು ಆರೋಗ್ಯವಲ್ಲ, ಪರೀಕ್ಷೆಯೇ ಆಗಿಲ್ಲ. ನಿಮ್ಮದರಂಥ ಉದ್ದ ಗೆರೆಗಳು ನೂರಾರಿವೆ, ತಂಗಿ. ನೀನು ಒಂದನ್ನು ಕಂಡೆ. ಎಲ್ಲವನ್ನೂ ಕಾಣಲು ನಮ್ಮ ಒಣ ಅಂಕಿಗಳು ಬೇಕಾದವು. ಇದನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ಖುಷಿಯಿದೆ, ತಪ್ಪು ತಿಳಿಯಬೇಡ.

ನಿರ್ದೇಶಕಿಯ ಮುಂದೆ ಆ ಅಧಿಕಾರಿಣಿಯೂ ನಾನೂ ಹೋದೆವು. ಅವರು ಓದಿ, ‘ನಿಮ್ಮ ಲೆಕ್ಕ ತಪ್ಪು ಅಂತ ನೀವೇ ಹೇಳೋಕೆ ಬಂದಿದೀರಾ?’ ಎಂದರು.

‘ಲೆಕ್ಕ ಸರಿಯಿದೆ ಮೇಡಮ್. ಯಾರು ಬಿಟ್ಟು ಹೋಗ್ತಾರೆ ಅಂತ ಕೇಳಿದ್ವಿ, ಅದಕ್ಕೆ ಉತ್ತರ ಬಂತು. ಯಾಕೆ ಅಂತ ಯಾರನ್ನೂ ಕೇಳಲಿಲ್ಲ.’

‘ಆ ನರ್ಸ್ ನಿಮಗೆ ಪರಿಚಯನಾ?’

‘ನನ್ನ ತಂಗಿ.’

ಮೊದಲ ಸಲ ಅವರು ನಕ್ಕಿದ್ದನ್ನು ನೋಡಿದೆ. ‘ನಿಮ್ಮ ಮನೆ ಜಗಳಕ್ಕೆ ಇಲಾಖೆ ಲೆಟರ್‌ಹೆಡ್ ಬೇಕಾಯ್ತಾ?’ ಎಂದರು.

ಆದೇಶ ಈ ಪತ್ರಕ್ಕಿಂತ ಮೊದಲೇ ನಿಮ್ಮ ಹೆಡ್‌ಮಾಸ್ಟರಿಗೆ ತಲುಪಿರಬಹುದು. ಪಟ್ಟಿಯಲ್ಲಿರುವ ಪ್ರತಿ ಮಗುವಿಗೂ ಯಂತ್ರವಿಟ್ಟು ಕಿವಿ, ಕಣ್ಣು ಪರೀಕ್ಷೆಯಾಗಬೇಕು, ಮನೆಗೆ ಹೋಗಿ ಮಾತಾಡಿಸಬೇಕು. ಅಲ್ಲಿಯ ತನಕ ಬೇರೆ ತರಗತಿ ಇಲ್ಲ. ಪೂರ್ತಿ ರದ್ದಾಗಿಲ್ಲ, ತಡೆಹಿಡಿಯಲಾಗಿದೆ. ಪೂರ್ತಿ ರದ್ದು ಮಾಡಿಸಲು ಇನ್ನಷ್ಟು ಅಂಕಿ ಬೇಕು.

ಒಂದು ವಿಷಯ ಕೇಳಬೇಕೆಂದಿದ್ದೆ. ‘ಬೋರು’ ಎಂದಳಲ್ಲ ಒಬ್ಬಳು, ಅವಳನ್ನು ಆಮೇಲೆ ಏನು ಮಾಡಿದಿರಿ?

ಅಣ್ಣ

*

ಡಿಸೆಂಬರ್ 4

ಅಣ್ಣನಿಗೆ,

ಈ ಸಲ ತಡ ನನ್ನದು. ಆದೇಶ ಬಂದಾಗಿನಿಂದ ಮೂರು ಶಾಲೆಗಳ ಮಕ್ಕಳನ್ನು ಪರೀಕ್ಷಿಸುತ್ತಿದ್ದೇನೆ. ಲೈಬ್ರರಿಯನ್ನು ನಾನು ಆಕ್ರಮಿಸಿಕೊಂಡಿದ್ದಕ್ಕೆ ಲೈಬ್ರರಿಯನ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಗುಡುಗಿನ ಒಂದು ಕಿವಿಯ ಆಪರೇಷನ್ ಅಕ್ಟೋಬರಿನಲ್ಲಾಯಿತು. ತಮಟೆ ಕೂಡಿಕೊಂಡಿದೆ. ಇನ್ನೊಂದು ಬೇಸಿಗೆ ರಜೆಯಲ್ಲಿ. ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಟೀಚರುಗಳು ಬೋರ್ಡಿನಲ್ಲಿ ಬರೆದು ಮುಗಿಸಿ, ತಿರುಗಿ ನಿಂತು ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾರೆ. ಮರೆತರೆ ಇಡೀ ತರಗತಿ ‘ತಿರುಗಿ ಮೇಡಮ್’ ಎನ್ನುತ್ತದೆ. ಗಣಿತದ ಮೇಡಮ್ ಒಂದು ಸಂಜೆ ನನ್ನ ಕೋಣೆಗೆ ಬಂದು, ಗಾಡಿಯ ಮೇಲಿನ ಹತ್ತಿಯ ಡಬ್ಬಿಯನ್ನು ಅತ್ತಿತ್ತ ಸರಿಸುತ್ತಾ, ‘ಅವಳನ್ನ ನಾನೇ ಜಾಸ್ತಿ ಹೊರಗೆ ಕಳಿಸಿದ್ದು’ ಅಂದರು. ಚಹಾ ಕೊಟ್ಟೆ. ಬೇರೇನು ಕೊಡಲಿ?

ಎಲ್ಲ ಒಳ್ಳೆಯದೇ ಎಂದುಕೊಳ್ಳಬೇಡ. ಗುಡುಗಿನ ಅಂಕಗಳು ಇನ್ನೂ ಕೆಳಗೇ ಇವೆ. ಇಷ್ಟು ವರ್ಷ ಕಳೆದುಹೋದ ಪಾಠ ಒಂದು ತಿಂಗಳಲ್ಲಿ ಬಂದೀತೇ? ಕೂಸು ನೋಡಿಕೊಳ್ಳುವ ಅಕ್ಕತಮ್ಮಂದಿರಲ್ಲಿ ಅಕ್ಕ ಈಗಲೂ ಗೈರು. ಅವರ ತಾಯಿಯ ಪಾಳಿ ಬದಲಾಯಿಸಿಕೊಡಿ ಎಂದು ಕಾರ್ಖಾನೆಗೆ ಪತ್ರ ಬರೆದಿದ್ದೇವೆ, ಉತ್ತರವಿಲ್ಲ. ಕನ್ನಡಕದ ಹುಡುಗ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಪಕ್ಕದವನು ‘ಹಾಕ್ಕೊಂಡ್ರೆ ಮೇಷ್ಟ್ರ ಥರ ಕಾಣ್ತೀಯ’ ಎಂದು ಹೇಳಿದ ಮೇಲೆ ತೆಗೆಯುವುದೇ ಇಲ್ಲ.

‘ಬೋರು’ ಎಂದವಳ ವಿಷಯ ಕೇಳಿದ್ದೀಯ. ಅವಳಿಗೆ ಪಾಠ ಕಷ್ಟವಲ್ಲ, ತೀರಾ ಸುಲಭ. ಮೇಲಿನ ತರಗತಿಯ ಗಣಿತ ಪುಸ್ತಕ ಕೊಟ್ಟಿದ್ದಾರೆ. ಅದನ್ನು ಹಿಡಿದುಕೊಂಡು ಗುಡುಗಿಗೆ ಹಳೆಯ ಲೆಕ್ಕ ಹೇಳಿಕೊಡುತ್ತಾಳೆ. ಹೋದ ವಾರ ಇಬ್ಬರನ್ನೂ ತರಗತಿಯಿಂದ ಹೊರಗೆ ಹಾಕಿದರಂತೆ. ಕಾರಣ, ಪಿಸುಗುಟ್ಟಿದ್ದು. ಗುಡುಗು ನನ್ನ ಕೋಣೆಗೆ ಓಡಿ ಬಂದಳು. ‘ಮೇಡಮ್, ಅವಳು ಕಿವೀಲಿ ಹೇಳಿದ್ದು ನಂಗೆ ಕೇಳ್ಸ್ತು, ನಾನು ಕಿವೀಲೇ ಉತ್ತರ ಹೇಳ್ದೆ’ ಎಂದಳು. ಶಿಕ್ಷೆಯಾದದ್ದಕ್ಕೆ ಅಷ್ಟು ಹಿಗ್ಗಿದ ಮಗುವನ್ನು ನಾನು ನೋಡಿಲ್ಲ.

ನೀನು ಒಮ್ಮೆ ಬಂದು ನೋಡಬಾರದೇ?

ತಂಗಿ

*

ಜನವರಿ 19

ತಂಗಿಗೆ,

ಬರುತ್ತೇನೆ. ಫೆಬ್ರವರಿಯ ಮೊದಲ ವಾರ ರಜೆ ಹಾಕಿದ್ದೇನೆ, ಅಮ್ಮನೂ ಅತ್ತಿಗೆಯೂ ಬರುತ್ತಾರೆ. ಬೇರೆ ತರಗತಿಯ ಯೋಜನೆಯನ್ನು ನಿನ್ನೆ ಪೂರ್ತಿ ಕೈಬಿಟ್ಟರು. ಹಳೇ ಕಟ್ಟಡವನ್ನು ಏನು ಮಾಡಬೇಕೆಂದು ನಿಮ್ಮ ಹೆಡ್‌ಮಾಸ್ಟರು ಕೇಳಿ ಬರೆದಿದ್ದಾರೆ. ಸುಣ್ಣ ಹೊಡೆದು ಸಿದ್ಧವಾಗಿದೆಯಲ್ಲ, ಲೈಬ್ರರಿಯನ್ ಅಲ್ಲಿಗೆ ಹೋಗಬಹುದೇನೋ ವಿಚಾರಿಸು.

ಮಕ್ಕಳೇ ತುಂಬುವ ಈ ಸಲದ ವಾರ್ಷಿಕ ನಮೂನೆಯಲ್ಲಿ, ಎಲ್ಲ ಕಾಲಂಗಳ ಕೆಳಗೆ ಒಂದು ಖಾಲಿ ಜಾಗ ಬಿಡಿಸಿದೆ. ‘ಶಾಲೆಯಲ್ಲಿ ನಿನಗೆ ಏನು ಕಷ್ಟ?’ ಎಂಬ ಒಂದೇ ಪ್ರಶ್ನೆ. ಹೆಸರು ಬರೆಯುವ ಹಾಗಿಲ್ಲ. ಇಂಥ ಪ್ರಶ್ನೆಗಳನ್ನು ಇಷ್ಟು ವರ್ಷ ನಾನೇ ಹೊಡೆದುಹಾಕುತ್ತಿದ್ದೆ, ಎಣಿಸಲಾಗುವುದಿಲ್ಲ ಎಂದು. ಈಗ ಮೂಟೆಗಟ್ಟಲೆ ಬಂದಿವೆ. ನಾಲ್ಕನೆಯ ಮಹಡಿಯವರೂ ಕೆಳಗಿಳಿದು ಬಂದು ನಮ್ಮ ಜೊತೆ ಓದುತ್ತಿದ್ದಾರೆ.

‘ಕಿಟಕಿ ಬೆಳಕು ಬೋರ್ಡಿಗೆ ಬಡಿಯತ್ತೆ, ಅರ್ಧ ಕಾಣ್ಸಲ್ಲ.’ ‘ನಾನು ಬಂದಾಗಿಂದ ಯಾರೂ ನನ್ನ ಪಕ್ಕ ಕೂತಿಲ್ಲ.’ ‘ಹೊಟ್ಟೆನೋವು ಅಂದ್ರೆ ನಾಟಕ ಅಂತಾರೆ.’ ಒಬ್ಬ ಬರೆದಿದ್ದಾನೆ: ‘ಕಷ್ಟ ಏನೂ ಇಲ್ಲ. ಕೇಳಿದ್ದಕ್ಕೆ ಥ್ಯಾಂಕ್ಸ್.’ ಅದನ್ನು ಯಾವ ಗುಂಪಿಗೆ ಸೇರಿಸುವುದೆಂದು ನಮ್ಮಲ್ಲಿ ಅರ್ಧ ದಿನ ಚರ್ಚೆಯಾಯಿತು.

ಒಂದು ಶಾಲೆಯ ಏಳನೆಯ ತರಗತಿಯಿಂದ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು: ಮಧ್ಯಾಹ್ನದ ಮೇಲೆ ಕುಡಿಯೋಕೆ ನೀರಿರಲ್ಲ. ಮೊದಲಾಗಿದ್ದರೆ ಅದನ್ನು ಒಂದು ಕೋಷ್ಟಕಕ್ಕೆ ಸೇರಿಸಿ, ವರದಿಯ ಕೊನೆಯ ಪುಟಗಳಲ್ಲಿ ಹಾಕಿ, ಮುಂದಿನ ವರ್ಷಕ್ಕೆ ಕಾಯುತ್ತಿದ್ದೆ. ನಿನ್ನೆ ಫೋನ್ ಎತ್ತಿ ಆ ಶಾಲೆಯ ಹೆಡ್‌ಮಾಸ್ಟರಿಗೇ ಮಾಡಿದೆ. ಅವರು ತಬ್ಬಿಬ್ಬಾದರು. ‘ಮೇಲಿನ ಟ್ಯಾಂಕ್ ಸೋರುತ್ತೆ ಸಾರ್, ಹೌದು. ಆದ್ರೆ ಅಷ್ಟು ದೂರ ಕೂತು ನಿಮಗೆ ಹೇಗೆ ಗೊತ್ತಾಯ್ತು?’ ಎಂದರು.

‘ಮಕ್ಕಳು ಹೇಳಿದ್ರು’ ಎಂದೆ.

ಇವತ್ತು ಬೆಳಿಗ್ಗೆ ಟ್ಯಾಂಕ್ ರಿಪೇರಿಯವರು ಬಂದು ಹೋದರಂತೆ.

ಅಣ್ಣ